ಹಂಚು, ಬಾಳೆನಾರು, ಬಸ್ ಟಿಕೆಟ್: ಮಂಗಳೂರಿನ ಮೇಲೊಂದು ಪೋಸ್ಟರ್ ಮಾಡುವುದು ಹೇಗೆ

ನಾನು ಮೊದಲು ಮಾಡಿದ ಪೋಸ್ಟರ್ ಈಗಲೂ ಮಂಚದ ಕೆಳಗೆ ಇದೆ. ಅದರಲ್ಲಿ ಕದ್ರಿ ದೇವಸ್ಥಾನ ಉಂಟು, ಕುದ್ರೋಳಿಯ ಗೋಪುರ ಉಂಟು, ಅಲೋಶಿಯಸ್ ಚಾಪೆಲ್ ಉಂಟು. ಪಣಂಬೂರಿನ ಒಂಟೆ, ಹುಲಿವೇಷ, ಯಕ್ಷಗಾನದ ಕಿರೀಟ, ಬಂಗುಡೆ ಮೀನು, ಗಡ್‌ಬಡ್ ಐಸ್‌ಕ್ರೀಮ್ ಎಲ್ಲವೂ ಉಂಟು. ನಮ್ಮ ಸರ್ ಎರಡು ನಿಮಿಷ ನೋಡಿದರು. "ಫ್ಲೆಕ್ಸ್ ಚೆಂದ ಆಗಿದೆ. ಯಾರ ಬರ್ತ್‌ಡೇ?" ಅಂದರು.

ಕಾಲೇಜಿನಲ್ಲಿ ಕೊಟ್ಟ ಕೆಲಸ ಇಷ್ಟೇ. ಒಂದು ಊರಿನ ಪ್ರವಾಸೋದ್ಯಮದ ಪೋಸ್ಟರ್, ಎ2 ಅಳತೆ, ಮಿಕ್ಸೆಡ್ ಮೀಡಿಯಾ. ಅಂದರೆ ಬರೀ ಬಣ್ಣ ಸಾಲದು, ಕಾಗದ, ದಾರ, ಬಟ್ಟೆ ಹೀಗೆ ಬೇರೆ ಬೇರೆ ವಸ್ತು ಸೇರಬೇಕು. ಜೊತೆಗೆ ಮಾಡಿದ ಬಗೆಯ ಬಗ್ಗೆ ಎರಡು ಪುಟದ ಬರಹ. ಎರಡನೇ ಸಲ ಮಾಡಿದ್ದು ಪಾಸಾಯಿತು. ಅದನ್ನು ಹೇಗೆ ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಅಂತ ಕ್ರಮವಾಗಿ ಬರೆಯುತ್ತೇನೆ. ನಿಮ್ಮ ಊರು ಬೇರೆ ಇದ್ದರೆ ಹಂಚಿನ ಜಾಗದಲ್ಲಿ ನಿಮ್ಮ ಊರಿನ ವಸ್ತು ಇಟ್ಟುಕೊಳ್ಳಿ.

ಮೊದಲು ಚೀಲ, ಆಮೇಲೆ ಪೆನ್ಸಿಲ್

ಮೊದಲ ಸಲ ನಾನು ಫೋನಿನಲ್ಲಿ ಫೋಟೋ ಹುಡುಕಿ ಶುರು ಮಾಡಿದ್ದೆ. ತಪ್ಪಾದದ್ದು ಅಲ್ಲೇ. ಹುಡುಕಿದರೆ ಸಿಗುವುದು ಎಲ್ಲರೂ ಆಗಲೇ ತೆಗೆದ ಫೋಟೋಗಳು.

ಎರಡನೇ ಸಲ ಬೆಳಿಗ್ಗೆ ಏಳಕ್ಕೆ ಒಂದು ಬಟ್ಟೆ ಚೀಲ ಹಿಡಿದು ಹೊರಟೆ. ಹಂಪನಕಟ್ಟೆ, ರಥಬೀದಿ, ಬಂದರಿನ ಹಳೆಯ ಗೋಡೌನುಗಳ ಓಣಿ, ಮೀನಿನ ದೋಣಿಗಳು ನಿಲ್ಲುವ ದಕ್ಕೆ, ಕೊನೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್. ಫೋಟೋ ತೆಗೆಯಬಾರದು, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಬೇಕು ಅಂತ ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ. ಮನೆಗೆ ಬಂದು ನೆಲದ ಮೇಲೆ ಸುರಿದಾಗ ಇದ್ದದ್ದು ಇವು: ಏಳೆಂಟು ಬಸ್ ಟಿಕೆಟ್, ಮಲ್ಲಿಗೆ ಮಾರುವ ಅಕ್ಕ ಕೊಟ್ಟ ಬಾಳೆನಾರಿನ ಒಂದು ಹಿಡಿ, ದಕ್ಕೆಯಲ್ಲಿ ಬಿದ್ದಿದ್ದ ಹರಕು ಬಲೆಯ ತುಂಡು, ಕೆಡವುತ್ತಿದ್ದ ಮನೆಯೊಂದರ ಎರಡು ಹಂಚು, ಒದ್ದೆಯಾದ ಪೇಪರಿನ ಪುಟಗಳು. ಬಲೆಯ ತುಂಡನ್ನು ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಮೂರನೇ ಸಲ ವಿನೆಗರ್ ಹಾಕಿದೆ, ಆಗ ಅಮ್ಮ ಮನೆಯೊಳಗೆ ಬಿಟ್ಟರು.

ಈಗ ಇದರಲ್ಲಿ ಒಂದನ್ನು ಮುಖ್ಯ ಮಾಡಬೇಕು. ನಾನು ಹಂಚು ಆರಿಸಿಕೊಂಡೆ. ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಹಂಚಿನ ಕಾರ್ಖಾನೆ ಶುರು ಮಾಡಿತು. ಹೊಳೆಯ ದಡದ ಜೇಡಿ ಮಣ್ಣು ಹದವಾಗಿ ಸಿಗುತ್ತಿತ್ತು, ಸಾಗಿಸಲು ಬಂದರು ಪಕ್ಕದಲ್ಲೇ ಇತ್ತು. ಅಲ್ಲಿಂದ ಹಂಚು ಹಡಗು ಹತ್ತಿ ಹೊರದೇಶಗಳಿಗೂ ಹೋಯಿತು. ಕೇರಳದಲ್ಲಿರಲಿ, ಗೋವಾದಲ್ಲಿರಲಿ, ಆ ನಮೂನೆಯ ಹಂಚಿಗೆ ಇವತ್ತಿಗೂ ಮಂಗಳೂರು ಹಂಚು ಅಂತಲೇ ಹೆಸರು. ಊರಿನ ಹೆಸರನ್ನೇ ಹೊತ್ತುಕೊಂಡು ತಿರುಗುವ ವಸ್ತು ಕೈಯಲ್ಲಿರುವಾಗ ಒಂಟೆಯ ಹಿಂದೆ ಯಾಕೆ ಹೋಗಬೇಕು, ಅಲ್ವಾ?

ಆರಿಸುವಾಗ ನಾನು ಕೇಳಿಕೊಂಡ ಪ್ರಶ್ನೆ: ಕಣ್ಣು ಮುಚ್ಚಿ ಮುಟ್ಟಿದರೆ ಇದು ಯಾವ ಊರು ಅಂತ ಗೊತ್ತಾಗುತ್ತದಾ? ಟಿಕೆಟ್ ಎಲ್ಲ ಊರಿನಲ್ಲೂ ಹಾಗೇ ಇರುತ್ತದೆ. ಹಂಚು ಹಾಗಲ್ಲ.

ಎಲ್ಲಿ ನಿಂತು ನೋಡುತ್ತಿದ್ದೀರಿ?

ಇಸ್ಪೀಟು ಎಲೆಯಷ್ಟು ದೊಡ್ಡ ಚೌಕಗಳನ್ನು ಹಾಕಿಕೊಂಡು ಹನ್ನೆರಡು ಚಿಕ್ಕ ಸ್ಕೆಚ್ ಮಾಡಿ. ಒಂದಕ್ಕೆ ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ಮೊದಲ ನಾಲ್ಕೈದು ಬರೀ ಸಪ್ಪೆಯಾಗಿರುತ್ತವೆ, ಹೆದರಬೇಡಿ. ನನ್ನ ಮೊದಲಿನವೆಲ್ಲ ಲೈಟ್‌ಹೌಸ್ ಹಿಲ್ ಮೇಲೆ ನಿಂತು ಕೆಳಗಿನ ಮಾಡುಗಳನ್ನು, ಅಂದರೆ ಮನೆಗಳ ಛಾವಣಿಗಳನ್ನು, ನೋಡುವ ಚಿತ್ರಗಳು. ಚೆಂದವೇ, ಆದರೆ ಕ್ಯಾಲೆಂಡರಿನ ಹಾಗೆ.

ಒಂಬತ್ತನೆಯದು ಮಾಡುವಾಗ ಹೊರಗೆ ಮಳೆ ಸುರಿಯುತ್ತಿತ್ತು. ಅಜ್ಜನ ಮನೆಯ ಜಗಲಿಯಲ್ಲಿ ಕೂತು ತಲೆ ಎತ್ತಿದೆ. ಹಂಚಿನ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದಲ್ಲ, ಅದು ಸಾಲಾಗಿ ಕಾಣಿಸಿತು. ಅದರ ಕೆಳಗೆ ಸೂರಿನ ನೀರು ದಾರದಂತೆ ಇಳಿಯುತ್ತಿತ್ತು. ನೀರಿನ ಆಚೆ ಊರು. ಪೋಸ್ಟರ್ ಅಲ್ಲೇ ಸಿಕ್ಕಿತು. ಮೇಲೆ ಹಂಚಿನ ಒಳಮೈ, ನಡುವೆ ಇಳಿಯುವ ನೀರು, ಅದರ ಹಿಂದೆ ಇಳಿಜಾರಿನಲ್ಲಿ ಸಣ್ಣ ಸಣ್ಣ ಮಾಡುಗಳು, ದೂರದಲ್ಲಿ ಕಡಲಿನ ಒಂದು ಗೆರೆ.

ಪ್ರವಾಸದ ಪೋಸ್ಟರಿನಲ್ಲಿ ಮಳೆ ಬರಿಸುವವರು ಕಡಿಮೆ. ಯಾವಾಗಲೂ ನೀಲಿ ಆಕಾಶ. ಆದರೆ ವರ್ಷಕ್ಕೆ 3,500 ಮಿಲಿಮೀಟರಿನ ಸುಮಾರಿಗೆ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಂಚು ಹಾಕಿದ್ದೇ ಮಳೆಗಾಗಿ. ಮಳೆ ಬಿಟ್ಟು ಹಂಚು ಬರೆದರೆ ಏನು ಪ್ರಯೋಜನ?

ಬಣ್ಣವೂ ಆಗಲೇ ತೀರ್ಮಾನವಾಯಿತು. ಹಂಚಿನ ಕೆಂಪು, ಒದ್ದೆ ಹಸಿರು, ಬೂದು. ಮೂರೇ. ನಾಲ್ಕನೆಯದು ಬೇಕು ಅನಿಸಿದಾಗಲೆಲ್ಲ ಮಂಚದ ಕೆಳಗಿನ ಪೋಸ್ಟರ್ ತೆಗೆದು ನೋಡುತ್ತಿದ್ದೆ.

ಕೆಳಗಿನ ರಟ್ಟು

ಎ2 ಅಂದರೆ 42 ಸೆಂ.ಮೀ. ಅಗಲ, 59.4 ಸೆಂ.ಮೀ. ಉದ್ದ. ದಪ್ಪ ಮೌಂಟ್ ಬೋರ್ಡ್ ತೆಗೆದುಕೊಳ್ಳಿ, ಅದರ ಮೇಲೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ತೂಕ ಅಂತ ಲೆಕ್ಕ) ಜಲವರ್ಣದ ಹಾಳೆ ಅಂಟಿಸಿ. ಇದಕ್ಕಿಂತ ತೆಳು ಹಾಳೆ ನೀರು ಕುಡಿದು ಹಪ್ಪಳ ಆಗುತ್ತದೆ.

ಅಂಗಡಿಯವರು ಹೇಳದ ಒಂದು ವಿಷಯ ಉಂಟು. ಮುಂದಿನ ಬದಿಗೆ ಮಾತ್ರ ಕಾಗದ ಅಂಟಿಸಿದರೆ ಒಣಗುವಾಗ ರಟ್ಟು ಆ ಕಡೆಗೆ ಬಾಗುತ್ತದೆ. ಹಿಂದಿನ ಬದಿಗೂ ಅಷ್ಟೇ ದಪ್ಪದ ಒಂದು ಹಾಳೆ ಅಂಟಿಸಬೇಕು. ಆಗ ಎರಡೂ ಕಡೆ ಎಳೆತ ಸಮ ಆಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ. ಹಿಂದಿನ ಹಾಳೆ ಅಗ್ಗದ್ದಾದರೂ ಆದೀತು. ಅಂಟಿಸಿದ ಮೇಲೆ ಎರಡು ಪ್ಲೈವುಡ್ ಹಲಗೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ, ಒಂದಿಡೀ ದಿನ ಬಿಡಿ. ಮಳೆಗಾಲದಲ್ಲಿ ಎರಡು ದಿನ. ನಾನು ಹೇರಿದ ಭಾರ ಅಕ್ಕಿ ಮುಡಿ.

ಅಂಟಿಗೆ ಫೆವಿಕಾಲ್ ಸಾಕು. ದೊಡ್ಡ ಹಾಳೆಗೆ ಮೂರು ಪಾಲು ಫೆವಿಕಾಲ್, ಒಂದು ಪಾಲು ನೀರು. ಮೈದಾ ಅಂಟು ಕಾಗದಕ್ಕೆ ಒಳ್ಳೆಯದೇ, ನಯವಾಗಿ ಕೂರುತ್ತದೆ. ಆದರೆ ಕರಾವಳಿಯ ಜುಲೈಯಲ್ಲಿ ಮೈದಾ ಅಂಟು ಅಂದರೆ ಬೂಸ್ಟಿಗೆ ಊಟ ಬಡಿಸಿದ ಹಾಗೆ. ಬೈಂಡಿಂಗ್ ಮಾಡುವವರು ಅದಕ್ಕೆ ಚಿಟಿಕೆ ಮೈಲುತುತ್ತು ಸೇರಿಸುತ್ತಾರೆ, ಅಡಿಕೆ ಮರಕ್ಕೆ ಸುಣ್ಣದ ಜೊತೆ ಹೊಡೆಯುತ್ತಾರಲ್ಲ, ಅದೇ. ಅದು ವಿಷ. ಅಡುಗೆಮನೆಯ ಪಾತ್ರೆಯಲ್ಲಿ ಕಲಸಬೇಡಿ. ಸುಮ್ನೆ ತಾಪತ್ರಯ, ಫೆವಿಕಾಲೇ ವಾಸಿ.

ಹಂಚನ್ನು ಕಾಗದಕ್ಕೆ ಇಳಿಸುವುದು

ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು. ಸ್ವಲ್ಪ ಉದ್ದ ಆಗುತ್ತದೆ.

ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ್ದೀರಲ್ಲ? ಅದೇ ಕೆಲಸ. ಕಲೆಯವರು ಇದಕ್ಕೆ ಫ್ರೊಟಾಜ್ ಅನ್ನುತ್ತಾರೆ. ಜರ್ಮನಿಯ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲದ ಹಲಗೆಯ ಮೇಲೆ ಕಾಗದ ಇಟ್ಟು ತಿಕ್ಕಿ ಇದನ್ನೇ ಚಿತ್ರ ಮಾಡುವ ದಾರಿಯಾಗಿ ಬೆಳೆಸಿದರು.

ಹಂಚನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ ಪಾಚಿ ತೆಗೆಯಿರಿ. ಪೂರ್ತಿ ಒಣಗಬೇಕು. ಹಂಚು ನೀರು ಹೀರಿಕೊಂಡಿರುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ನಾನು ಒಲೆಯ ಪಕ್ಕ ಎರಡು ರಾತ್ರಿ ಇಟ್ಟೆ. ಆಮೇಲೆ ಅಡಿಮೈ ಮೇಲೆ ಬರುವಂತೆ ಇಟ್ಟು, ತೆಳುವಾದ ಕಾಗದ ಹಾಸಿ, ನಾಲ್ಕು ಮೂಲೆಗೆ ಟೇಪ್ ಹಚ್ಚಿ. ಮೇಣದ ಕ್ರೆಯಾನ್‌ನ ಸುತ್ತಿನ ಕಾಗದ ಕಿತ್ತು, ಅಡ್ಡ ಮಲಗಿಸಿ ತಿಕ್ಕಿ. ತುದಿಯಿಂದ ತಿಕ್ಕಿದರೆ ಬರೀ ಗೆರೆ ಬರುತ್ತದೆ. ಮೊದಲು ಹಗುರವಾಗಿ ಎಲ್ಲ ಕಡೆ, ಆಮೇಲೆ ಅಕ್ಷರದ ಮೇಲೆ ಮಾತ್ರ ಒತ್ತಿ. ಮೂರನೇ ಕಾಗದದಲ್ಲಿ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಜ್ಜ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಎಪ್ಪತ್ತು ವರ್ಷ ಆ ಮಾಡಿನ ಕೆಳಗೇ ಮಲಗಿದವರು, ಅಷ್ಟು ಹತ್ತಿರದಿಂದ ಅದನ್ನು ಓದಿರಲಿಲ್ಲವಂತೆ.

ಇದ್ದಿಲಿನಿಂದ ತಿಕ್ಕಿದರೆ ಇನ್ನೂ ಚೆಂದ ಬರುತ್ತದೆ, ಆದರೆ ಕೈ ತಗುಲಿದರೆ ಅಳಿಸುತ್ತದೆ. ಅದಕ್ಕೆ ಫಿಕ್ಸೇಟಿವ್ ಸ್ಪ್ರೇ ಬೇಕು. ಹೇರ್‌ಸ್ಪ್ರೇ ಹೊಡೆಯುವವರೂ ಉಂಟು, ಕಾಲ ಕಳೆದಂತೆ ಕಾಗದ ಹಳದಿಯಾಗುತ್ತದೆ.

ಇನ್ನು ಬಣ್ಣ. ಒಡೆದ ಹಂಚಿನ ಚೂರನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ, ಕಲ್ಲಿನಲ್ಲಿ ಅರೆದು, ಹಳೆಯ ವೇಷ್ಟಿಯ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಕಡ್ಡಾಯ, ಆ ಧೂಳು ಎದೆಗೆ ಒಳ್ಳೆಯದಲ್ಲ. ಒಂದು ಚಮಚ ಪುಡಿಗೆ ಒಂದು ಚಮಚ ಅಕ್ರಿಲಿಕ್ ಮೀಡಿಯಂ (ಬಣ್ಣಕ್ಕೆ ಬೆರೆಸುವ ಅಂಟಿನಂಥ ದ್ರವ), ಇಲ್ಲದಿದ್ದರೆ ತೆಳು ಮಾಡಿದ ಫೆವಿಕಾಲ್. ಇದರ ಕೆಂಪು ಕಬ್ಬಿಣದ ಆಕ್ಸೈಡಿನದು, ಬೆಂಕಿಯಲ್ಲಿ ಆಗಲೇ ಬೆಂದದ್ದು. ಬಿಸಿಲಿಗೆ ಮಾಸುವುದಿಲ್ಲ. ಗೆಳತಿಯೊಬ್ಬಳು ಅರಿಶಿನದಿಂದ ಹುಲಿವೇಷದ ಹಳದಿ ಮಾಡಿದ್ದಳು. ಕಿಟಕಿಯ ಪಕ್ಕ ಎರಡು ವಾರ ಇಟ್ಟದ್ದಕ್ಕೆ ಹುಲಿ ಬಿಳಿಚಿಹೋಯಿತು.

ದೂರದ ಮಾಡುಗಳಿಗೆ ತಿಕ್ಕಿದ ಕಾಗದಗಳನ್ನೇ ಎರಡು ಸೆಂಟಿಮೀಟರಿನ ಚಿಕ್ಕ ಹಂಚುಗಳಾಗಿ ಕತ್ತರಿಸಿ, ಮೇಲೆ ಹಂಚಿನ ಬಣ್ಣ ತೆಳುವಾಗಿ ಹಚ್ಚಿದೆ. ಅಂಟಿಸುವುದನ್ನು ಮೇಲಿನ ಸಾಲಿನಿಂದ ಶುರು ಮಾಡಿದ್ದೆ. ಅಜ್ಜ ನಕ್ಕರು. "ಹೀಗೆ ಹೊದೆಸಿದ್ರೆ ನೀರೆಲ್ಲ ಒಳಗೆ, ಮಾರಾಯ್ತಿ." ನಿಜವೇ. ಮಾಡು ಹೊದೆಸುವುದು ಸೂರಿನಿಂದ ಮೇಲಕ್ಕೆ. ಮೇಲಿನ ಸಾಲಿನ ಅಂಚು ಕೆಳಗಿನ ಸಾಲಿನ ಮೇಲೆ ಕೂರಬೇಕು. ಮೂರು ಮಾಡು ಕಿತ್ತು ಮತ್ತೆ ಹಾಕಿದೆ. ಕಾಗದದ್ದೇ ಆದರೂ ಸರಿಯಾಗಿ ಹೊದೆಸಿದ ಮಾಡಿನ ನೆರಳು ಬೇರೆಯೇ ಬೀಳುತ್ತದೆ, ನೋಡಿ.

ಮಳೆ

ಮಳೆಗೆ ಮೇಣದಬತ್ತಿ ಬೇಕು. ಕರೆಂಟು ಹೋದಾಗ ಉರಿಸಿ ಉಳಿದ ತುಂಡು ಸಾಕು. ಬಿಳಿ ಹಾಳೆಯ ಮೇಲೆ ಮೇಣದಿಂದ ಓರೆ ಗೆರೆ ಎಳೆಯಿರಿ. ಗೆರೆ ಕಾಣುವುದಿಲ್ಲ, ಅಂದಾಜಿನ ಮೇಲೆ ಎಳೆಯಬೇಕು. ಆಮೇಲೆ ಬೂದು ಜಲವರ್ಣ ಹರಿಸಿದರೆ ಮೇಣ ಇದ್ದಲ್ಲಿ ಬಣ್ಣ ನಿಲ್ಲದೆ ಬಿಳಿ ಮಳೆ ಮೂಡುತ್ತದೆ. ಒಂದೇ ಕೋನದಲ್ಲಿ ಎಳೆಯಿರಿ. ನಮ್ಮಲ್ಲಿ ಗಾಳಿಮಳೆ ಕಡಲಿನ ಕಡೆಯಿಂದ ಬರುವುದು, ಹಾಗಾಗಿ ಕಡಲು ಎಲ್ಲಿ ಬರೆದಿದ್ದೀರೋ ಅಲ್ಲಿಂದ ಈಚೆಗೆ ಬಾಗಬೇಕು.

ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿ ಚುಕ್ಕೆ ಚುಕ್ಕೆ ಮೈ ತರುವ ಉಪಾಯ ನಿಮಗೆ ಯಾರಾದರೂ ಹೇಳಿಯಾರು. ಬೇಸಿಗೆಯಲ್ಲಿ ಮಾಡಿ. ಜುಲೈಯಲ್ಲಿ ಉಪ್ಪು ಗಾಳಿಯ ನೀರನ್ನೇ ಎಳೆದುಕೊಂಡು ಕೂರುತ್ತದೆ. ನನ್ನ ಆಕಾಶ ನಾಲ್ಕು ದಿನ ಒಣಗಲಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಇದು ತಪ್ಪಿದರೆ ಎಲ್ಲ ತಪ್ಪುತ್ತದೆ. ಮೇಣ ಮೊದಲು. ಅದರ ಮೇಲೆ ಜಲವರ್ಣ. ಅದು ಪೂರ್ತಿ ಒಣಗಿದ ಮೇಲೆ ಕಾಗದ ಅಂಟಿಸುವುದು. ಆಮೇಲೆ ಹಂಚಿನ ಬಣ್ಣ ಅಥವಾ ಅಕ್ರಿಲಿಕ್. ದಾರ, ಬಲೆ, ನಾರು ಕೊನೆಗೆ. ಕಾರಣ ಸರಳ. ಮೇಣದ ಮೇಲೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಕಾಗದ ಕೂರುವ ಜಾಗಕ್ಕೆ ಮೇಣ ತಾಗಿಸಬೇಡಿ. ಒಣಗಿದ ಫೆವಿಕಾಲ್ ಮೇಲೆ ಜಲವರ್ಣ ನಿಲ್ಲುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರುತ್ತದೆ.

ಟಿಕೆಟಿನ ಅಪಾರ್ಟ್‌ಮೆಂಟ್

ಹಂಚಿನ ಮಾಡುಗಳ ನಡುವೆ ನಾನು ಒಂದು ಎತ್ತರದ ಅಪಾರ್ಟ್‌ಮೆಂಟ್ ನಿಲ್ಲಿಸಿದೆ. ಸರ್‌ಗೆ ಇಷ್ಟ ಆಗಲಿಲ್ಲ. ಪ್ರವಾಸಿಗರು ಅಪಾರ್ಟ್‌ಮೆಂಟ್ ನೋಡಲು ಬರುತ್ತಾರಾ ಅಂದರು. ಬರುವುದಿಲ್ಲ. ಆದರೆ ನನಗೆ ಹಂಚು ಸಿಕ್ಕಿದ್ದೇ ಅಪಾರ್ಟ್‌ಮೆಂಟಿಗಾಗಿ ಕೆಡವುತ್ತಿದ್ದ ಮನೆಯಿಂದ. ಊರಿಡೀ ಹಂಚಿನ ಮಾಡೇ ಇದೆ ಅಂತ ತೋರಿಸಿದರೆ, ರೈಲಿನಿಂದ ಇಳಿದವರು ಮೊದಲ ಐದು ನಿಮಿಷದಲ್ಲೇ ನನ್ನ ಪೋಸ್ಟರ್ ಸುಳ್ಳು ಅಂದಾರು. ಹೊಗಳುವುದು ಬೇರೆ, ಸುಳ್ಳು ಹೇಳುವುದು ಬೇರೆ. ಅಪಾರ್ಟ್‌ಮೆಂಟ್ ಉಳಿಯಿತು. ಎರಡು ಮಾರ್ಕು ಹೋಗಿರಬಹುದು.

ಅದರ ಕಿಟಕಿಗಳು ಬಸ್ ಟಿಕೆಟ್. ಇಲ್ಲೊಂದು ಅನಾಹುತ ಆಯಿತು. ಈಗಿನ ಟಿಕೆಟ್ ಮೆಷಿನ್‌ನಿಂದ ಬರುವುದು ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಬೇಗ ಒಣಗಲಿ ಅಂತ ಹೇರ್‌ಡ್ರೈಯರ್ ಹಿಡಿದೆ. ಅರ್ಧ ನಿಮಿಷದಲ್ಲಿ ಕಟ್ಟಡಕ್ಕೆಲ್ಲ ಬೆಂಕಿ ಬಿದ್ದ ಹಾಗಾಯಿತು. ಬಿಸಿ ತಾಗದಿದ್ದರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಹಾಗಾಗಿ ಟಿಕೆಟನ್ನು ಮೊದಲು ಜೆರಾಕ್ಸ್ ಮಾಡಿಸಿ, ಜೆರಾಕ್ಸ್ ಅಂಟಿಸಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಪ್ರತಿ ಬೇಡ, ಅಂಟಿನ ನೀರಿಗೆ ಶಾಯಿ ಕದಡುತ್ತದೆ. ಜೆರಾಕ್ಸ್ ಅಂಗಡಿಯ ಟೋನರ್ ಕದಡುವುದಿಲ್ಲ.

ಟೋನರಿನಿಂದ ಇನ್ನೊಂದು ಲಾಭ. ಜೆರಾಕ್ಸನ್ನು ಮಗುಚಿ, ಅಕ್ರಿಲಿಕ್ ಮೀಡಿಯಂ ಹಚ್ಚಿ ಅಂಟಿಸಿ, ಒಂದಿಡೀ ದಿನ ಒಣಗಿಸಿ. ಆಮೇಲೆ ಬೆರಳು ಒದ್ದೆ ಮಾಡಿ ಹಿಂದಿನ ಕಾಗದವನ್ನು ಮೆಲ್ಲ ತಿಕ್ಕಿ ತೆಗೆದರೆ ಅಕ್ಷರ ಮಾತ್ರ ಹಾಳೆಯ ಮೇಲೆ ಉಳಿಯುತ್ತದೆ. ಆದರೆ ಉಲ್ಟಾ ಬರುತ್ತದೆ! ಜೆರಾಕ್ಸ್ ಅಂಗಡಿಯಲ್ಲೇ ಮಿರರ್ ಮಾಡಿಸಿಕೊಳ್ಳಿ. ನಾನು ಮರೆತೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಹೊರಬಂದದ್ದು ಇದೇ ಊರಿನಿಂದ, ಕಲ್ಲಚ್ಚಿನಲ್ಲಿ. ಆ ಕೆಲಸದವರು ಕಲ್ಲಿನ ಮೇಲಿನ ಉಲ್ಟಾ ಅಕ್ಷರದ ಜೊತೆ ದಿನಾ ಏಗುತ್ತಿದ್ದಿರಬೇಕು. ನನಗೆ ನಾಲ್ಕು ಸಾಲಿಗೇ ತಲೆ ತಿರುಗಿತು.

ನಾರು ಮತ್ತು ಬಲೆ

ಸೂರಿನ ನೀರಿಗೆ ಬಾಳೆನಾರು. ಮಲ್ಲಿಗೆ ಕಟ್ಟುವ ನಾರನ್ನು ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಉಗುರಿನಿಂದ ಕೂದಲೆಳೆಯಷ್ಟು ಸೀಳಿ. ಮೇಲಿನ ತುದಿ ಹಂಚಿನ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಹಿಂದಕ್ಕೆ ಎಳೆದು ಅಂಟಿಸಿ, ಕೆಳಗಿನ ತುದಿ ಬಿಟ್ಟುಬಿಡಿ. ಎಲ್ಲವೂ ಒಂದೇ ಉದ್ದ ಬೇಡ. ಹಂಚಿನ ತಗ್ಗು ಎಲ್ಲಿದೆಯೋ ಅಲ್ಲಿಂದಲೇ ನೀರು ಇಳಿಯಬೇಕು, ಉಬ್ಬಿನಿಂದ ಅಲ್ಲ. ಬಲೆಯ ತುಂಡು ಕಡಲಿನ ಗೆರೆಯ ಮೇಲೆ ಒಂದು ಬೆರಳಿನಷ್ಟು ಅಗಲ, ಅಷ್ಟೇ.

ಹೆಸರು ಬರೆಯುವುದು

ಈ ಊರಿಗೆ ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ. ನಾಲ್ಕನ್ನೂ ಒಂದೇ ಅಳತೆಯಲ್ಲಿ ಹಾಕಿ ನೋಡಿದೆ. ಬಸ್ಸಿನ ಬೋರ್ಡಿನ ಹಾಗಾಯಿತು. ಕೊನೆಗೆ ಮಂಗಳೂರು ದೊಡ್ಡದಾಗಿ ಕೆಳಗೆ, ಉಳಿದ ಮೂರು ಮೇಲಿನ ಹಂಚುಗಳ ಮೇಲೆ, ಕಾರ್ಖಾನೆಯ ಹೆಸರು ಅಚ್ಚಾಗಿರುವ ಜಾಗದಲ್ಲಿ, ತಿಕ್ಕಿದ ಅಕ್ಷರದ ಹಾಗೆಯೇ ಬರೆದೆ. ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ.

ಅಕ್ಷರವನ್ನು ಕಂಪ್ಯೂಟರ್ ಫಾಂಟಿನಿಂದ ತೆಗೆಯಬೇಡಿ. ಕೈಯಲ್ಲಿ ಬರೆದು ಕತ್ತರಿಸಿ. ಗ ಮತ್ತು ರು ಮೇಲಿನ ತಲೆಕಟ್ಟನ್ನು ನಾನು ಸ್ವಲ್ಪ ಉದ್ದ ಮಾಡಿ, ಸೂರಿನ ಹಾಗೆ ಇಳಿಸಿದೆ. ಳೂ ಬಲಕ್ಕೆ ತುಂಬ ಜಾಗ ತಿನ್ನುತ್ತದೆ, ಮೊದಲೇ ಅಳೆದುಕೊಳ್ಳಿ. ನನ್ನ ಮೊದಲ ಪ್ರಯತ್ನದಲ್ಲಿ ರು ಹಾಳೆಯಿಂದ ಹೊರಗೆ ಹೋಗಿತ್ತು. ನಿಮ್ಮ ಊರಿನ ಹೆಸರಿನಲ್ಲಿ ಒತ್ತಕ್ಷರ ಇದ್ದರೆ ಕೆಳಗೆ ಮೂರನೇ ಒಂದು ಭಾಗ ಖಾಲಿ ಬಿಡಿ. ಒತ್ತು ಸಣ್ಣದಾದರೆ ದೂರದಿಂದ ಹುಬ್ಬಳ್ಳಿ ಹುಬಳಿ ಆಗುತ್ತದೆ.

ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ, ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ. ಆಗಲೂ ಹೆಸರು ಓದಲು ಬಂದರೆ ಸರಿ. ನನ್ನದರಲ್ಲಿ ಕೆಂಪು ಅಕ್ಷರವೂ ಹಸಿರು ಹಿನ್ನೆಲೆಯೂ ಒಂದೇ ಬೂದಾಗಿ ಕಂಡವು. ಅಕ್ಷರದ ಸುತ್ತ ಸುಣ್ಣದ ಬಿಳಿ ಗೆರೆ ಎಳೆದೆ.

ಫೋಟೋ, ಬರಹ, ಮೊಳೆ

ಎ2 ಹಾಳೆ ಸಾಮಾನ್ಯ ಸ್ಕ್ಯಾನರಿಗೆ ಹಿಡಿಯುವುದಿಲ್ಲ, ನಾರು ಬೇರೆ ಜಜ್ಜಿಹೋಗುತ್ತದೆ. ಮೋಡದ ದಿನ ಜಗಲಿಯಲ್ಲಿ ಇಟ್ಟು, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಮಾಡಿ, ನೇರ ಎದುರಿನಿಂದ ಫೋಟೋ ತೆಗೆಯಿರಿ. ಫ್ಲಾಶ್ ಬೇಡ, ಹಂಚಿನ ಮೈಯೆಲ್ಲ ಚಪ್ಪಟೆಯಾಗುತ್ತದೆ.

ಬರಹದ ಬಗ್ಗೆ ಒಂದೇ ಮಾತು. "ಈ ಕೆಲಸದಿಂದ ನಾನು ತುಂಬ ಕಲಿತೆ" ಅಂತ ಬರೆಯಬೇಡಿ, ಎಲ್ಲರೂ ಬರೆಯುತ್ತಾರೆ. ಒಂದು ತೀರ್ಮಾನ ಹಿಡಿದುಕೊಳ್ಳಿ. ಯಾಕೆ ಹಾಗೆ ಮಾಡಿದೆ, ಬೇರೆ ಏನು ಮಾಡಬಹುದಿತ್ತು, ಏನು ಕೆಟ್ಟಿತು, ಮತ್ತೆ ಮಾಡಿದರೆ ಏನು ಬದಲಿಸುತ್ತೀಯ ಅಂತ ಬರೆಯಿರಿ. ನಾನು ಬರೆದದ್ದು ಅಪಾರ್ಟ್‌ಮೆಂಟಿನ ಬಗ್ಗೆ ಒಂದು ಪುಟ, ಸುಟ್ಟ ಟಿಕೆಟಿನ ಬಗ್ಗೆ ಅರ್ಧ ಪುಟ. ಉಳಿದರ್ಧದಲ್ಲಿ ಕಡಲಿನ ಗೆರೆ ಇನ್ನೂ ಒಂದು ಅಂಗುಲ ಮೇಲೆ ಇರಬೇಕಿತ್ತು ಅಂತ ಬರೆದೆ. ಈಗಲೂ ಹಾಗೇ ಅನಿಸುತ್ತದೆ. ಪ್ರತಿದಿನ ಕೆಲಸ ಮುಗಿದಾಗ ಒಂದು ಫೋಟೋ, ಎರಡು ಸಾಲು ಬರೆದಿಟ್ಟರೆ ಕೊನೆಯ ರಾತ್ರಿ ನೆನಪಿಸಿಕೊಳ್ಳುತ್ತಾ ಕೂರಬೇಕಾಗಿಲ್ಲ.

ತೂಗು ಹಾಕುವಾಗ ಗೋಡೆಗೆ ಅಂಟಿಸಬೇಡಿ. ಹಿಂದೆ ನಾಲ್ಕು ಮೂಲೆಗೆ ಬಾಟಲಿಯ ಮುಚ್ಚಳ ಅಂಟಿಸಿದರೆ ಗೋಡೆಗೂ ರಟ್ಟಿಗೂ ನಡುವೆ ಗಾಳಿ ಆಡುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಹಿಂಬದಿ ಒರೆಸಿ. ನಮ್ಮ ಕಾಲೇಜಿನಲ್ಲಿ ಅದು ಲೈಬ್ರರಿಯ ಹೊರಗಿನ ಗೋಡೆಯಲ್ಲಿದೆ, ಒರೆಸುವವರು ಯಾರೂ ಇಲ್ಲ. ಮೊನ್ನೆ ಹೋಗಿ ನೋಡಿದೆ. ಬಲಗಡೆ ಕೆಳಗೆ, ರು ಪಕ್ಕದಲ್ಲಿ, ಮೊಸರಿನ ಹನಿಯಷ್ಟು ಒಂದು ಬಿಳಿ ಬೂಸ್ಟು ಬಂದಿದೆ. ಅದೊಂದು ವಸ್ತುವನ್ನು ನಾನು ಹಾಕಿದ್ದಲ್ಲ.